ಹಿತ್ತಲಲ್ಲೊಂದು ಡಾರ್ವಿನ್ ಪಾತಿ: ಕಳೆ ಎಣಿಸುವ ಕ್ರಮ

ಬೇಕಾಗಿರುವುದು 3 ಅಡಿ ಉದ್ದ, 2 ಅಡಿ ಅಗಲದ ನೆಲ. ಅಳತೆ ಚಾರ್ಲ್ಸ್ ಡಾರ್ವಿನ್ನನದು. 1857ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಡೌನ್ ಹಳ್ಳಿಯ ತನ್ನ ಮನೆಯಲ್ಲಿ ಇಷ್ಟೇ ಜಾಗ ಅಗೆದು, ಮಾರ್ಚ್‌ನಿಂದ ಮೇ ತನಕ ತಾನಾಗಿ ಎದ್ದ ಕಳೆಯ ಮೊಳಕೆಗಳಿಗೆ ದಿನವೂ ಗುರುತು ಹಾಕಿದ. ಹುಟ್ಟಿದ್ದು 357, ಸತ್ತದ್ದು 295, ಹೆಚ್ಚಿನವು ಸಿಂಬಳದ ಹುಳು ಮತ್ತು ಕೀಟಗಳ ಬಾಯಿಗೆ. 1859ರಲ್ಲಿ ಬಂದ ಅವನ ಮುಖ್ಯ ಗ್ರಂಥ ‘ಆನ್ ದಿ ಒರಿಜಿನ್ ಆಫ್ ಸ್ಪೀಶೀಸ್’ನ ‘ಬದುಕಿಗಾಗಿ ಹೋರಾಟ’ದ ಅಧ್ಯಾಯದಲ್ಲಿ ಈ ಲೆಕ್ಕವಿದೆ. ಹೋರಾಟ ಎಂದರೆ ಮಕ್ಕಳಿಗೆ ಹುಲಿ, ಜಿಂಕೆಯೇ ಕಣ್ಣಿಗೆ ಬರುತ್ತವೆ. ಜೀವಶಾಸ್ತ್ರದ ಪಾಠ ಹೇಳುತ್ತಿದ್ದಷ್ಟು ಕಾಲ ನಾನು ಅವರನ್ನು ಮೊದಲು ಕೂರಿಸುತ್ತಿದ್ದದ್ದು ಇಂಥ ಪಾತಿಯ ಮುಂದೆ.

ಮುಂಗಾರು ಶುರುವಾಗಿ ಮಣ್ಣು ಮೆತ್ತಗಾದ ಮೇಲೆ ಗೇಣುದ್ದ ಆಳಕ್ಕೆ ಅಗೆಯಿರಿ. ಗರಿಕೆ ಬೇರು, ಕೊನ್ನಾರಿ ಗಡ್ಡೆ ಒಂದೂ ಉಳಿಯಬಾರದು. ಬೀಜದಿಂದ ಎದ್ದದ್ದಷ್ಟೇ ಲೆಕ್ಕಕ್ಕೆ. ಗೊಬ್ಬರ ಬೇಡ, ಬಿತ್ತುವುದಂತೂ ಬೇಡವೇ ಬೇಡ. ಬೇರೆ ಗಿಡ ಒತ್ತರಿಸದ ಖಾಲಿ ನೆಲದಲ್ಲೂ ಇಷ್ಟು ಸಾವೇ ಎನ್ನುವುದೇ ಡಾರ್ವಿನ್ನನ ಎಣಿಕೆಯ ತೂಕ.

ಪೊರಕೆಕಡ್ಡಿ ತುಂಡು ಮಾಡಿಟ್ಟುಕೊಂಡು, ದಿನಾ ಬೆಳಿಗ್ಗೆ ಹೊಸ ಮೊಳಕೆಯ ಪಕ್ಕ ಒಂದೊಂದು ಚುಚ್ಚಿ. ಯಾವಾಗಲೂ ಒಂದೇ ಬದಿಗೆ. ಇಲ್ಲದಿದ್ದರೆ ಯಾವ ಕಡ್ಡಿ ಯಾವುದರದ್ದೆಂಬ ಜಗಳ. ಚೀಟಿ ಕಟ್ಟಿದರೆ ಮಳೆಗೆ ಹೋಗುತ್ತದೆ, ವಾರಕ್ಕೊಂದು ಬಣ್ಣದಲ್ಲಿ ತುದಿ ಅದ್ದಿ. ಮೊಳಕೆ ಸತ್ತರೆ ಕಡ್ಡಿ ಕೀಳಬೇಡಿ, ಮೇಲ್ತುದಿ ಬಗ್ಗಿಸಿ.

ಸಾವಿನ ಕಾರಣ ಹುಡುಕುವುದರಲ್ಲೇ ಸ್ವಾರಸ್ಯವಿರುವುದು. ಎಲೆ ಅಡ್ಡಾದಿಡ್ಡಿ ಹರಿದು, ಮಣ್ಣಿನ ಮೇಲೆ ಒಣಗಿದ ಲೋಳೆ ಬೆಳ್ಳಗೆ ಹೊಳೆಯುತ್ತಿದ್ದರೆ ಸಿಂಬಳದ ಹುಳು. ಬುಡ ಕತ್ತರಿಸಿ ಎಲೆ ಹಾಗೇ ಬಿದ್ದಿದ್ದರೆ ಕಾಂಡ ಕತ್ತರಿಸುವ ಹುಳು. ಬುಡ ಕಂದಾಗಿ ಮೆತ್ತಗಾಗಿ ಗಿಡ ಮಲಗಿದ್ದರೆ ಬಹುಮಟ್ಟಿಗೆ ಶಿಲೀಂಧ್ರ. ಅನುಮಾನವೇ? ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ಹೋಗಿ, ಕಳ್ಳ ಅಲ್ಲೇ ಇರುತ್ತಾನೆ. ಹಿಡಿದು ಎಸೆದಿರೋ, ಪ್ರಯೋಗ ಕೆಟ್ಟಿತು. ಉಪ್ಪಿನ ಡಬ್ಬಿ ತರುವ ಮನೆಯವರನ್ನು ತಡೆಯುವುದು ನಿಮ್ಮ ಜವಾಬ್ದಾರಿ.

ಇಷ್ಟಕ್ಕೇ ವಿಕಾಸವಾದ ಕಣ್ಣಾರೆ ಕಂಡೆವು ಎನ್ನಬೇಡಿ. ಬಹಳ ಸಾಯುತ್ತವೆ ಎಂದು ಗೊತ್ತಾಯಿತು, ಅಷ್ಟೇ. ಸಾವು ಆರಿಸುತ್ತದೆಯೇ, ಅಂದರೆ ಕೆಲವು ಗುಣವಿದ್ದವನ್ನೇ ಉಳಿಸುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಒಂದೇ ಜಾತಿಯ ಗಿಡ ಹತ್ತಾರು ಬೇಕು. ತುಂಬೆ ಹಾಗೆ ಎದ್ದಿದ್ದರೆ ಬೇರೆ ಪುಟ ಮಾಡಿ: ಯಾವುದು ಬೇಗ ಎದ್ದಿತು, ಯಾವುದರ ಎಲೆಗೆ ರೋಮ ಹೆಚ್ಚು, ಯಾವುದು ಉಳಿಯಿತು. ಉಳಿದದ್ದರ ಬೀಜ ಕಟ್ಟಿಟ್ಟು ಬರುವ ಮಳೆಗಾಲಕ್ಕೆ ಹಾಕಿ. ಆ ಗುಣ ಮರಿಗಿಡಕ್ಕೂ ಇಳಿದರೆ ಮಾತ್ರ ನೈಸರ್ಗಿಕ ಆಯ್ಕೆಯ ಮಾತು.

ಹುಲ್ಲು ಕತ್ತರಿಸುವ ಅಂಗಳವಿದ್ದವರು 4 ಅಡಿ, 3 ಅಡಿಯ ತುಂಡೊಂದನ್ನು ಕತ್ತರಿಸದೆ ಬಿಡಿ. ಡಾರ್ವಿನ್ ಹಾಗೆ ಬಿಟ್ಟಾಗ 20 ಜಾತಿಯಲ್ಲಿ 9 ಅಳಿದವು. ಅಲ್ಲಿ ಕೊಂದದ್ದು ಹುಳುವಲ್ಲ, ಜೋರಾಗಿ ಬೆಳೆದ ನೆರೆಗಿಡ. ಇದಕ್ಕೆ ಕಡ್ಡಿ ಬೇಡ. ಶುರುವಿನಲ್ಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ಜಾತಿಗಳ ಪಟ್ಟಿ ಬರೆದರೆ ಸಾಕು.