ಲಾರಿ ಆಲ್ಟರ್ನೇಟರ್‌ನಲ್ಲಿ ಹಡಗಿನ ಪವರ್ ಪ್ಲಾಂಟ್: ಕೆಡೆಟ್‌ಗಳಿಗೆ ಕಲಿಸಿದ ನನ್ನ ಅನುಭವ

ಲಾರಿ ಆಲ್ಟರ್ನೇಟರ್ ಜೋಡಿಸಿ ನಾನು ಕಟ್ಟಿದ ಲ್ಯಾಬ್ ಮೇಜನ್ನು ಮೊದಲು ಆಟಿಕೆ ಅಂದವರೇ ಈಗ ವೈರಿಂಗ್ ಡಯಾಗ್ರಾಂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಕ್ಕಿಂತ ಬರೆದೇ ಬಿಡೋಣ ಅನಿಸಿತು.

ಮೆರೈನ್ ಕೆಡೆಟ್‌ಗಳಿಗೆ ಎಲೆಕ್ಟ್ರಿಕಲ್ ಮೆಷಿನ್ಸ್ ಲ್ಯಾಬ್ ನಡೆಸುವವರಿಗೆ ಈ ಪಾಡು ಗೊತ್ತೇ ಇದೆ. 440 ವೋಲ್ಟ್, 60 ಹರ್ಟ್ಸ್‌ನ ಒಂದು ಜೋಡಿ ಜನರೇಟರ್, ಸುತ್ತ ಇಡೀ ಬ್ಯಾಚ್. ಓಡುತ್ತಿರುವ ಒಂದಕ್ಕೆ ಇನ್ನೊಂದನ್ನು ಜೋಡಿಸುವುದು ಪಾಠ. ಎರಡರ ತಾಳ ಕೂಡಿದೆಯೇ ಅಂತ ತೋರಿಸುವ ಸಿಂಕ್ರೊಸ್ಕೋಪ್‌ನ ಮುಳ್ಳು ನಿಧಾನವಾಗಿ ಸುತ್ತಿ ಹನ್ನೆರಡಕ್ಕೆ ಐದು ನಿಮಿಷ ಇದೆ ಅನ್ನುವ ಜಾಗಕ್ಕೆ ಬಂದಾಗ ಒಬ್ಬರು ಬಟನ್ ಒತ್ತುತ್ತಾರೆ, ಉಳಿದವರು ನೋಡುತ್ತಾರೆ. ತಪ್ಪು ಮಾಡಲು ಯಾರನ್ನೂ ಬಿಡುವಂತಿಲ್ಲ. ಫೇಸ್ ಕೂಡದೆ, ಅಂದರೆ ಎರಡರ ವೋಲ್ಟೇಜ್ ಅಲೆ ಒಟ್ಟಿಗೆ ಏರಿಳಿಯದಿರುವಾಗ, ಜೋಡಿಸುವ ಸ್ವಿಚ್ಚಾದ ಬ್ರೇಕರ್ ಹಾಕಿದರೆ ಎಂಜಿನ್-ಜನರೇಟರ್ ನಡುವಿನ ಕಪ್ಲಿಂಗ್ ಹೋಗುತ್ತದೆ, ವೈಂಡಿಂಗ್‌ಗೂ ಪೆಟ್ಟು. ಹಾಗಾಗಿ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಕಾಣದೆಯೇ ಅವರು ಹಡಗು ಹತ್ತುತ್ತಾರೆ.

ಇದಕ್ಕೆ ಮದ್ದು ಅಂತ ಸಿಮ್ಯುಲೇಟರ್ ಸಾಫ್ಟ್‌ವೇರ್ ತಂದೆವು. ಅದು ಕೆಟ್ಟದ್ದೇನಲ್ಲ. ಬ್ಲ್ಯಾಕೌಟ್ ಆದಾಗ ಯಾವುದರ ನಂತರ ಯಾವುದು, ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ಲೋಡ್ ಹಿಡಿಯಬೇಕು, ಲೋಡ್ ಮೀರಿದಾಗ ಅಷ್ಟು ಮುಖ್ಯವಲ್ಲದ್ದನ್ನು ಕಡಿಯುವ ಪ್ರಿಫರೆನ್ಷಿಯಲ್ ಟ್ರಿಪ್ ಯಾವುದನ್ನು ಮೊದಲು ಬಿಡುತ್ತದೆ, ಇವೆಲ್ಲ ಅದರಲ್ಲಿ ಚೆನ್ನಾಗಿ ಬರುತ್ತವೆ. ಆದರೆ ಪರದೆಯ ಮೇಲಿನ ಬ್ರೇಕರ್ ತಪ್ಪು ಹಾಕಿದರೆ ಕೆಂಪು ಪಟ್ಟಿ ಬರುತ್ತದೆ, ರೀಸೆಟ್ ಒತ್ತಿದರೆ ಮುಗೀತು. ವಿಆರ್ ಕನ್ನಡಕದ್ದೂ ಅದೇ ಕಥೆ. ಜೊತೆಗೆ ಪ್ರತಿ ವರ್ಷ ಲೈಸೆನ್ಸ್ ದುಡ್ಡು ಬೇರೆ. ಮೂರು ವರ್ಷದ ಲೈಸೆನ್ಸ್ ಲೆಕ್ಕ ಹಾಕಿದರೆ ನನ್ನ ಮೇಜುಗಳ ಪೂರ್ತಿ ಖರ್ಚನ್ನೂ ದಾಟುತ್ತಿತ್ತು.

ನಾನು ಹಿಡಿದ ದಾರಿ ಇದು. ಲಾರಿಯ 24 ವೋಲ್ಟ್ ಆಲ್ಟರ್ನೇಟರ್ ತಗೊಂಡು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಮತ್ತು ರೆಗ್ಯುಲೇಟರ್ ಕಿತ್ತುಹಾಕಿ, ತಿರುಗದ ಭಾಗವಾದ ಸ್ಟೇಟರ್‌ನ ಮೂರು ತುದಿಗಳನ್ನು ಹೊರಗೆ ತಂದೆ. ಹನ್ನೆರಡು ಪೋಲ್ (ಕಾಂತ ಧ್ರುವ) ಇರುವುದರಿಂದ 600 ಆರ್‌ಪಿಎಂಗೇ 60 ಹರ್ಟ್ಸ್ ಸಿಗುತ್ತದೆ. ಅಷ್ಟು ನಿಧಾನದಲ್ಲಿ ಲೈನ್ ವೋಲ್ಟೇಜ್ ಹನ್ನೆರಡರ ಆಸುಪಾಸು. ಫೀಲ್ಡ್‌ಗೆ, ಅಂದರೆ ತಿರುಗುವ ಕಾಂತದ ಸುರುಳಿಗೆ, ಸ್ಲಿಪ್ ರಿಂಗ್ ಮೂಲಕ ಕರೆಂಟ್ ಹೊಂದಿಸುವ ಒಂದು ಚಾಪರ್, ಅದೇ ವೋಲ್ಟೇಜ್ ಹಿಡಿದಿಡುವ ನಮ್ಮ ಎವಿಆರ್. ಓಡಿಸಲು ಬ್ಯಾಟರಿ ಮೇಲಿನ ಡಿಸಿ ಮೋಟರ್, ಅದೇ ಡೀಸೆಲ್ ಎಂಜಿನ್. ಬ್ರೇಕರ್ ಜಾಗದಲ್ಲಿ ಕಾಂಟ್ಯಾಕ್ಟರ್. ಇಂಥ ಎರಡು ಸೆಟ್ ಒಂದು ಮೇಜಿಗೆ, ಮೂವರು ಕೆಡೆಟ್‌ಗೆ ಒಂದು ಮೇಜು.

ಎರಡು ಸೆಟ್ ನಡುವೆ, ಫೇಸ್‌ಗೆ ಒಂದರಂತೆ, ಕಾರಿನ 12 ವೋಲ್ಟ್ ಬಲ್ಬನ್ನೇ ಸಿಂಕ್ರೊನೈಸಿಂಗ್ ಲ್ಯಾಂಪ್ ಮಾಡಿಕೊಂಡೆ. ಲ್ಯಾಂಪ್ ಮೇಲೆ ಬೀಳುವ ಗರಿಷ್ಠ ವೋಲ್ಟೇಜ್ ಫೇಸ್ ವೋಲ್ಟೇಜ್‌ನ ಎರಡರಷ್ಟು, ಅಂದರೆ ಸುಮಾರು 14. ಹೇಳಿ ಮಾಡಿಸಿದ ಹಾಗೆ ಹೊಂದಿತು. ಮೂರೂ ಒಟ್ಟಿಗೆ ಹತ್ತಿ ಆರುತ್ತಿದ್ದರೆ ಸರಿ. ಒಂದಾದ ಮೇಲೆ ಒಂದು ಹತ್ತಿದರೆ ಫೇಸ್ ಸೀಕ್ವೆನ್ಸ್, ಅಂದರೆ ಮೂರು ಫೇಸ್‌ಗಳ ಸರದಿ, ಅದಲುಬದಲು. ಅದನ್ನು ನಾನು ಬೇಕಂತಲೇ ಅದಲುಬದಲು ಮಾಡಿಟ್ಟಿರುತ್ತೇನೆ.

ಆಲ್ಟರ್ನೇಟರೇ ಯಾಕೆ ಅಂತ ಕೇಳುತ್ತಾರೆ. ಇದರ ರಿಯಾಕ್ಟೆನ್ಸ್ ಜಾಸ್ತಿ, ಕರೆಂಟನ್ನು ತಾನೇ ತಡೆದುಕೊಳ್ಳುತ್ತದೆ. ಪೂರ್ತಿ ಎದುರು ಫೇಸ್‌ನಲ್ಲಿ ಹಾಕಿದರೂ ಸುಡುವುದಿಲ್ಲ. ಆದರೆ ಒದೆಯುತ್ತದೆ! ಮೇಜು ಅಲುಗುತ್ತದೆ, ಬೆಲ್ಟ್ ಕಿರುಚುತ್ತದೆ, ಆಮೀಟರ್ ಮುಳ್ಳು ತುದಿಗೆ ಹೋಗಿ ಬಡಿಯುತ್ತದೆ. ಒಮ್ಮೆ ಅದನ್ನು ನೋಡಿದ ಕೆಡೆಟ್ ಮುಂದಿನ ಸಲ ಬಟನ್ ಮೇಲೆ ಬೆರಳಿಟ್ಟುಕೊಂಡು ಕಾಯುವ ರೀತಿಯೇ ಬೇರೆ.

ಇನ್ನು ಕೈಕೊಟ್ಟ ವಿಷಯಗಳು. ಮೊದಲ ಎರಡು ಮೇಜಿಗೆ ಡಿಸಿ ಮೋಟರ್ ಇರಲಿಲ್ಲ. ಇಂಡಕ್ಷನ್ ಮೋಟರ್ ಮತ್ತು ಫ್ರೀಕ್ವೆನ್ಸಿ ಬದಲಿಸಿ ಅದರ ವೇಗ ಹೊಂದಿಸುವ ವಿಎಫ್‌ಡಿ ಹಾಕಿಸಲಾಗಿತ್ತು. ವಿಎಫ್‌ಡಿ ಸ್ವಿಚಿಂಗ್‌ನ ಎಲೆಕ್ಟ್ರಿಕಲ್ ಗದ್ದಲಕ್ಕೆ ಫ್ರೀಕ್ವೆನ್ಸಿ ಎಣಿಸುವ ಕಂಟ್ರೋಲರ್ 60 ಇದ್ದದ್ದನ್ನು 90, 110 ಅಂತ ತೋರಿಸುತ್ತಿತ್ತು. ಶೀಲ್ಡ್ ಕೇಬಲ್, ಫೆರೈಟ್ ರಿಂಗ್, ಫಿಲ್ಟರ್ ಅಂತ ಆ ವರ್ಷದ ದುಡ್ಡಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಅದಕ್ಕೇ ಸುರಿಯಬೇಕಾಯಿತು. ಗದ್ದಲ ಕಡಿಮೆಯಾಯಿತು. ಆದರೆ ಮೇಜಿನ ಕೆಳಗೆ ಮೇನ್ಸ್ ವೋಲ್ಟೇಜ್ ಉಳಿದೇ ಇತ್ತು. ಕೆಡೆಟ್ ಕೈ ತಾಗುವ ಕಡೆ ಎಲ್ಲೂ 24 ವೋಲ್ಟ್ ಮೀರಬಾರದು ಅನ್ನುವುದು ನನ್ನ ಹಟ. ಹಾಗಾಗಿ ಅದನ್ನೆಲ್ಲ ಕಿತ್ತು ಬ್ಯಾಟರಿಗೆ ಹೋದೆ.

ಆಮೇಲೆ ಲೋಡ್ ಶೇರಿಂಗ್ ಕಾಟ. ಎರಡೂ ಸೆಟ್ 60 ಹರ್ಟ್ಸ್ ಬಿಡೋದಿಲ್ಲ ಅಂತ ಹಟ ಹಿಡಿದರೆ ಲೋಡ್ ಒಂದರಿಂದ ಇನ್ನೊಂದಕ್ಕೆ ಓಲಾಡುತ್ತದೆ. ಕೊನೆಗೆ ಒಂದು ಇನ್ನೊಂದನ್ನು ಮೋಟರ್ ಮಾಡಿಕೊಂಡು ಓಡಿಸುತ್ತದೆ. ಕಂಟ್ರೋಲರ್‌ನಲ್ಲಿ ಸುಮಾರು 4 ಶೇಕಡಾ ಡ್ರೂಪ್, ಅಂದರೆ ಲೋಡ್ ಏರಿದಂತೆ ವೇಗ ತುಸು ಇಳಿಯುವ ಗುಣ, ಕೊಟ್ಟ ಮೇಲೆ ತಣ್ಣಗಾಯಿತು. ಲೋಡ್ ಇಲ್ಲದಾಗ 62.4, ಫುಲ್ ಲೋಡ್‌ಗೆ 60. ಈಗ ಡ್ರೂಪ್ ಸೊನ್ನೆ ಮಾಡುವ ಒಂದು ಸ್ವಿಚ್ಚನ್ನೇ ಇಟ್ಟಿದ್ದೇನೆ. ಡ್ರೂಪ್ ಯಾಕೆ ಬೇಕು ಅಂತ ಬೋರ್ಡ್ ಮೇಲೆ ಬರೆಯುವ ಕೆಲಸ ನಿಂತಿತು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಪ್ಯಾನೆಲ್ ಮಾದರಿಯ ದೊಡ್ಡ ಸಿಮ್ಯುಲೇಟರ್‌ಗೆ ಬಂದಿದ್ದ ಕೊಟೇಶನ್‌ನ ಹೆಚ್ಚುಕಡಿಮೆ ಹತ್ತನೇ ಒಂದು ಭಾಗದಲ್ಲಿ ಆರು ಮೇಜು ಎದ್ದವು. ಆಲ್ಟರ್ನೇಟರ್‌ಗಳು ಗುಜರಿಯವು, ಬೇರಿಂಗ್ ಮತ್ತು ಕಾರ್ಬನ್ ಬ್ರಷ್ ಬದಲಿಸಿದರೆ ಸಾಕು. ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಮೀಟರ್‌ಗಳಿಗೆ. ಅಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ವಾಟ್‌ಮೀಟರ್ ಮುಳ್ಳಿನದೇ ಇರಲಿ, ಮಧ್ಯದಲ್ಲಿ ಸೊನ್ನೆ ಇರಲಿ. ಡಿಸಿ ಮೋಟರ್‌ನ ಸಪ್ಲೈ ಕಡಿಮೆ ಮಾಡುತ್ತಾ ಹೋದಾಗ ಮುಳ್ಳು ಸೊನ್ನೆ ದಾಟಿ ಆ ಕಡೆಗೆ ಹೋಗುವುದನ್ನು ಕಣ್ಣಲ್ಲಿ ನೋಡಬೇಕು. ಜನರೇಟರ್ ತಾನೇ ಪವರ್ ಎಳೆಯತೊಡಗಿದರೆ ಬ್ರೇಕರ್ ಬಿಡಿಸುವ ರಿವರ್ಸ್ ಪವರ್ ರಿಲೇಯನ್ನು ಡೀಸೆಲ್ ಸೆಟ್‌ಗೆ ಯಾಕೆ ರೇಟೆಡ್ ಪವರ್‌ನ 8ರಿಂದ 15 ಶೇಕಡಾ, ಅದೂ ಕೆಲವು ಸೆಕೆಂಡ್ ತಡ ಕೊಟ್ಟು ಸೆಟ್ ಮಾಡುತ್ತಾರೆ ಅನ್ನುವ ಪ್ರಶ್ನೆ ಅವರ ಬಾಯಿಂದಲೇ ಬರುತ್ತದೆ.

ನನಗೆ ಅತಿ ಹೆಮ್ಮೆ ಇರುವುದು ಎಲ್‌ಇಡಿ ಬಗ್ಗೆ. ಬಸ್‌ಬಾರ್ (ಎರಡೂ ಸೆಟ್ ಬಂದು ಸೇರುವ ಪಟ್ಟಿ) ಫ್ರೀಕ್ವೆನ್ಸಿಗೆ ಮಿಣುಕುವ ಎಲ್‌ಇಡಿಯನ್ನು ಹೊಸದಾಗಿ ಜೋಡಿಸಬೇಕಾದ ಮೆಷಿನ್‌ನ ಪುಲ್ಲಿ ಕಡೆ ತಿರುಗಿಸಿದೆ. ಪುಲ್ಲಿ ಮೇಲೆ ಒಂದೇ ಬಿಳಿ ಗೆರೆ. ರೋಟರ್ ಸೆಕೆಂಡಿಗೆ ಹತ್ತು ಸುತ್ತು, ಬೆಳಕು ಅರವತ್ತು ಸಲ. ಹಾಗಾಗಿ ಗೆರೆ ಆರಾಗಿ ಕಾಣುತ್ತದೆ. ಸ್ಪೀಡ್ ಹೊಂದದಿದ್ದರೆ ಆರೂ ಗೆರೆ ತೆವಳುತ್ತವೆ, ಹೊಂದಿದರೆ ನಿಲ್ಲುತ್ತವೆ. ಬ್ರೇಕರ್ ಹಾಕಿ ಲೋಡ್ ಏರಿಸಿದರೆ ನಿಂತಲ್ಲೇ ತುಸು ಮುಂದಕ್ಕೆ ಸರಿಯುತ್ತವೆ. ಅದೇ ಲೋಡ್ ಆಂಗಲ್! ಪೋಲ್ ಆರು ಜೋಡಿ ಇರುವುದರಿಂದ ಎಲೆಕ್ಟ್ರಿಕಲ್ 30 ಡಿಗ್ರಿ ಅಂದರೆ ಪುಲ್ಲಿ ಮೇಲೆ ಐದೇ ಡಿಗ್ರಿ, ಆದರೂ ಚೆನ್ನಾಗಿ ಕಾಣುತ್ತದೆ. ಮಿಣುಕು ಮಸುಕಾಗದಂತೆ ಪಲ್ಸನ್ನು ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೇಜಿನ ಕೆಳಗಿನ ಸ್ಟೀಲ್ ತಗಡನ್ನು ಹಡಗಿನ ಹಲ್ (ಒಡಲು) ಅಂತ ಇಟ್ಟುಕೊಂಡು, ಯಾವುದಾದರೂ ಫೇಸ್ ಅದಕ್ಕೆ ತಾಗಿದರೆ ತೋರಿಸುವ ಅರ್ತ್ ಲ್ಯಾಂಪ್ ಹಾಕಿದ್ದೇನೆ. ಹಿಂದೆ ಬೀಗ ಹಾಕಿದ ಒಂದು ಫಾಲ್ಟ್ ಬಾಕ್ಸ್. ಲೋಡ್‌ಗೆ ಹೋಗುವ ಯಾವ ಫೀಡರ್‌ನ ಯಾವ ಫೇಸ್ ತಗಡಿಗೆ ತಾಗಬೇಕು ಅನ್ನುವುದು ನನ್ನ ಕೈಯಲ್ಲಿ. ಒಂದು ಬಲ್ಬ್ ಆರಿ ಉಳಿದೆರಡು ಜೋರಾಗುತ್ತವೆ, ಏನೂ ಟ್ರಿಪ್ ಆಗುವುದಿಲ್ಲ. ಹುಡುಕುವ ಮುಂಚೆ ಏನು ಅನುಮಾನ, ಯಾಕೆ ಅಂತ ಚೀಟಿಯಲ್ಲಿ ಬರೆದು ಕೊಡಬೇಕು. ಚೀಟಿ ಕೊಡದೆ ಬ್ರೇಕರ್ ಮುಟ್ಟಿದರೆ ಅಂಕ ಇಲ್ಲ. ಇದೊಂದು ನಿಯಮ ಅವರ ಯೋಚನೆಯನ್ನು ತಿದ್ದಿದಷ್ಟು ಬೇರೆ ಯಾವುದೂ ತಿದ್ದಿಲ್ಲ.

ನಡುವೆ ಸುಮ್ನೆ ಮಾಡಿ ನೋಡಿದ್ದೂ ಇದೆ. ಒಂದು ಫೇಸ್ ತಪ್ಪಿ ಸಿಂಗಲ್ ಫೇಸಿಂಗ್ ಆದ ಮೋಟರ್, ಬೇರಿಂಗ್ ಹೋದ ಮೋಟರ್, ಎರಡರ ಸದ್ದನ್ನೂ ಫೋನಿನಲ್ಲಿ ಹಿಡಿದು ಕಣ್ಣು ಮುಚ್ಚಿ ಗುರುತಿಸಿ ಅಂದೆ. ಮೊದಲ ವಾರ ಯಾರಿಗೂ ಬರಲಿಲ್ಲ, ತಿಂಗಳಿಗೆ ಬಹುಪಾಲು ಜನಕ್ಕೆ ಬಂತು. ಹಳೇ ವಿಎಫ್‌ಡಿಗಳೂ ವ್ಯರ್ಥವಾಗಲಿಲ್ಲ. ಅವುಗಳ ಔಟ್‌ಪುಟ್‌ಗೆ ಸಾಮಾನ್ಯ ಮಲ್ಟಿಮೀಟರ್ ಒಂದು ಅಂಕಿ, ಲೋ-ಪಾಸ್ ಫಿಲ್ಟರ್ ಇರುವ ಮೀಟರ್ ಇನ್ನೊಂದು ಅಂಕಿ ತೋರಿಸುತ್ತವೆ. ನಾನೇ ಮೀಟರ್ ಹಿಡಿದು ಎರಡನ್ನೂ ತೋರಿಸುತ್ತೇನೆ. ಯಾವುದನ್ನು ನಂಬಬೇಕು ಅಂತ ಅವರವರಲ್ಲೇ ವಾದ ಶುರುವಾಗುತ್ತದೆ.

ದೊಡ್ಡ ವಿರೋಧ ಬಂದಿದ್ದು ಮೋಟರ್ ಸುರುಳಿ ಸುತ್ತುವ ವೈಂಡಿಂಗ್ ಅಭ್ಯಾಸದ ಗಂಟೆಗಳನ್ನು ಕಡಿತ ಮಾಡಿದಾಗ. ಸ್ಲಾಟ್‌ಗೆ ಕಾಯಿಲ್ ತುಂಬದೆ ಮೆಷಿನ್ ಹೇಗೆ ಗೊತ್ತಾಗುತ್ತೆ ಅಂತ ಕೇಳಿದರು. ಹಡಗಿನಲ್ಲಿ ಮೋಟರ್ ಸುಟ್ಟರೆ ಸಾಮಾನ್ಯವಾಗಿ ಸ್ಪೇರ್ ಕೂರಿಸುತ್ತಾರೆ, ಸುಟ್ಟದ್ದು ದಡದ ವರ್ಕ್‌ಶಾಪ್‌ಗೆ ಹೋಗುತ್ತದೆ, ಅಲ್ವಾ? ಆ ಗಂಟೆಗಳನ್ನು ಮೋಟರನ್ನು ಮೆಲ್ಲಗೆ ಶುರು ಮಾಡುವ ಸಾಫ್ಟ್ ಸ್ಟಾರ್ಟರ್, ನಿಯಂತ್ರಣದ ಕಂಪ್ಯೂಟರ್ ಆದ ಪಿಎಲ್‌ಸಿ, ಇನ್ಸುಲೇಷನ್ ಅಳೆಯುವ ಮೆಗ್ಗರ್‌ನ ರೀಡಿಂಗ್ ಓದುವುದಕ್ಕೆ ಕೊಟ್ಟೆ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ ಎಸ್‌ಟಿಸಿಡಬ್ಲ್ಯೂಗೆ 2010ರ ಮನಿಲಾ ತಿದ್ದುಪಡಿ ಬಂದು ಎಲೆಕ್ಟ್ರೊ-ಟೆಕ್ನಿಕಲ್ ಆಫೀಸರ್‌ಗೇ ಪ್ರತ್ಯೇಕ ಮಾನದಂಡ ಆದ ಮೇಲೂ ಹಳೇ ಟೈಮ್‌ಟೇಬಲ್‌ಗೆ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸಾವಿರ ವೋಲ್ಟ್ ಮೇಲಿನ ಕೆಲಸವನ್ನು ಮಾತ್ರ ನನ್ನ ಮೇಜಿನಲ್ಲಿ ಕಲಿಸಲಾಗದು. ಅದಕ್ಕೆ ಕಳಚಿಟ್ಟ ಒಂದು ವ್ಯಾಕ್ಯೂಮ್ ಬ್ರೇಕರ್ ಇಟ್ಟುಕೊಂಡು ಪರ್ಮಿಟ್, ಐಸೋಲೇಷನ್, ಟೆಸ್ಟರ್ ಪರೀಕ್ಷೆ, ಅರ್ತಿಂಗ್ ಕ್ರಮವನ್ನು ಪದೇ ಪದೇ ಮಾಡಿಸುತ್ತೇನೆ.

ಮೇಜಿನಲ್ಲಿ ಪಳಗಿದ ಮೊದಲ ಬ್ಯಾಚನ್ನು 440 ವೋಲ್ಟ್ ಸೆಟ್ ಮುಂದೆ ನಿಲ್ಲಿಸಿದಾಗ ಹತ್ತರಲ್ಲಿ ಎಂಟು ಮಂದಿಯಾದರೂ ಯಾರೂ ಹೇಳಿಕೊಡದೆ ಮೊದಲ ಸಲಕ್ಕೇ ಬ್ರೇಕರ್ ಸರಿಯಾಗಿ ಹಾಕಿದರು. ಹಿಂದೆ ಅರ್ಧದಷ್ಟು ಜನರ ಕೈಯನ್ನು ನಾವೇ ಹಿಡಿಯಬೇಕಿತ್ತು. ಆಟಿಕೆ ಅಂದಿದ್ದ ಹಿರಿಯ ಚೀಫ್ ಎಂಜಿನಿಯರ್ ಒಬ್ಬರು ಅಂದು ಪಕ್ಕದಲ್ಲೇ ಇದ್ದರು. ಮರುವಾರ ಅವರೇ ಬಂದು ಮೇಜಿನ ಮುಂದೆ ಒಂದು ಗಂಟೆ ಕೂತರು.

ಕಟ್ಟಲು ಹೊರಟವರಿಗೆ ಒಂದು ಮಾತು. ಆಲ್ಟರ್ನೇಟರ್ ಕೊಳ್ಳುವ ಮುಂಚೆ ಬಿಚ್ಚಿಸಿ ಪೋಲ್ ಎಣಿಸಿ. ಈಗಿನ ಕೆಲವು ಹದಿನಾರು ಪೋಲ್‌ನವು, ಅವಕ್ಕೆ 450 ಆರ್‌ಪಿಎಂಗೇ 60 ಹರ್ಟ್ಸ್ ಬರುತ್ತದೆ. ಜೋಡಿ ಒಂದೇ ಮಾಡೆಲ್‌ನದಾಗಿದ್ದರೆ ಅರ್ಧ ತಲೆನೋವು ಕಡಿಮೆ. ಬ್ಯಾಟರಿಗೆ ಫ್ಯೂಸ್ ಹಾಕದೆ ಏನನ್ನೂ ಸ್ಟಾರ್ಟ್ ಮಾಡಬೇಡಿ.