ಮನೆಯಲ್ಲೇ ಓದಿಸುವ ಮುನ್ನ: ಏಳು ವರ್ಷದ ಲೆಕ್ಕ, ಆರು ವಾರದ ಪರೀಕ್ಷೆ

ಶಾಲೆ ಬಿಡಿಸಿ ಮಗುವನ್ನು ಮನೆಯಲ್ಲೇ ಓದಿಸೋಣವೆಂಬ ಯೋಚನೆ ಹೆಚ್ಚಾಗಿ ಎರಡು ಹೊತ್ತಿನಲ್ಲಿ ಬರುತ್ತದೆ. ಒಂದು, ಮುಂದಿನ ವರ್ಷದ ಶುಲ್ಕದ ಚೀಟಿ ಕೈಗೆ ಬಂದಾಗ. ಇನ್ನೊಂದು, ಬೆಳಿಗ್ಗೆ ಸಮವಸ್ತ್ರ ಕಂಡೊಡನೆ ಮಗು ಹೊಟ್ಟೆನೋವು ಎಂದು ಮುದುಡಿ ಮಲಗಿದಾಗ. ಎರಡೂ ತೀರ್ಮಾನಕ್ಕೆ ಒಳ್ಳೆಯ ಹೊತ್ತಲ್ಲ. ಮನೆಶಿಕ್ಷಣ ಕೆಲವು ಮಕ್ಕಳಿಗೆ ನಿಜವಾಗಿಯೂ ಒಳ್ಳೆಯದು. ಆದರೆ ಕರ್ನಾಟಕದಲ್ಲಿ ಅದಕ್ಕೆ ತೆರಬೇಕಾದ ಬೆಲೆ ಇಂದು ಕಾಣುವುದಿಲ್ಲ, ಹತ್ತು ವರ್ಷದ ಮೇಲೆ ಕಾಣುತ್ತದೆ. ಅದಕ್ಕೇ ಈ ಕ್ರಮ.

ಮೊದಲು ದೂರನ್ನು ಬರೆದಿಡಿ

ಎರಡು ವಾರ, ಪ್ರತಿದಿನ ಸಂಜೆ, ಮಗು ಶಾಲೆಯ ಬಗ್ಗೆ ಹೇಳಿದ್ದನ್ನು ಅದರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಿದ್ದಬೇಡಿ, ಅರ್ಥ ಹಚ್ಚಬೇಡಿ. ಆಮೇಲೆ ಓದಿ ನೋಡಿದರೆ ದೂರು ಯಾವುದರ ಮೇಲೆ ಎಂಬುದು ತಿಳಿಯುತ್ತದೆ. ಹೊಡೆತ, ಅವಮಾನ, ಬಸ್ಸಿನಲ್ಲಿ ಹಿರಿಯ ಹುಡುಗರ ಕಾಟ ಇದ್ದರೆ ಅದು ಆ ಶಾಲೆಯ ಸಮಸ್ಯೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮುಖ್ಯ ಶಿಕ್ಷಕರಿಗೆ, ಅಲ್ಲಿ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಹೀಗೆ ಬರುವ ದೂರುಗಳಲ್ಲಿ ಬಹಳಷ್ಟು ಶಾಲೆ ಬದಲಿಸಿದರೆ ತೀರುತ್ತವೆ, ಶಾಲೆಯನ್ನೇ ಬಿಡಬೇಕಿಲ್ಲ.

‘ಬೋರ್ಡಿನ ಅಕ್ಷರ ಬರೆಯುವಷ್ಟರಲ್ಲಿ ಅಳಿಸುತ್ತಾರೆ’, ‘ಓದಲು ನಿಲ್ಲಿಸಿದರೆ ನಗುತ್ತಾರೆ’ ಎಂಬಂಥ ಮಾತು ಮತ್ತೆ ಮತ್ತೆ ಬಂದಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷಿಸಿ. ಬಳಿಕ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದು ನಡೆಯುತ್ತದೆ. ಡಿಸ್ಲೆಕ್ಸಿಯಾ (ಓದು–ಬರಹದ ಕಲಿಕಾ ನ್ಯೂನತೆ) ಇರುವ ಮಗುವನ್ನು ಪರೀಕ್ಷೆ ಮಾಡಿಸದೆ ಮನೆಗೆ ತಂದರೆ, ಶಾಲೆಯಲ್ಲಿ ಬೈಯುತ್ತಿದ್ದವರ ಜಾಗಕ್ಕೆ ಅಮ್ಮ ಬರುತ್ತಾಳೆ, ಅಷ್ಟೇ.

ಕಾನೂನು ಎಲ್ಲಿ ನಿಂತಿದೆ

ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದು 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು 10ನೇ ಕಲಂ ಹೇಳುತ್ತದೆ. ಸೇರಿಸದ ಪೋಷಕರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಮನೆಶಿಕ್ಷಣ ಎಂಬ ಹೆಸರೂ ಇಲ್ಲ, ಅದಕ್ಕೆ ನೋಂದಣಿಯೂ ಇಲ್ಲ. ಅಂದರೆ ನಿಮ್ಮ ಕೈಗೆ ಯಾರೂ ಅನುಮತಿಪತ್ರ ಕೊಡುವುದಿಲ್ಲ. ಸರ್ಕಾರದ ದಾಖಲೆಯಲ್ಲಿ ನಿಮ್ಮ ಮಗು ‘ಶಾಲೆಯಿಂದ ಹೊರಗುಳಿದ ಮಗು’. ಸಮೀಕ್ಷೆಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಶಿಕ್ಷಕರು ಮನೆ ಬಾಗಿಲಿಗೆ ಬಂದರೆ ಅವರು ತಮ್ಮ ಕೆಲಸ ಮಾಡುತ್ತಿದ್ದಾರೆಂದೇ ತಿಳಿಯಿರಿ. ಜಗಳ ಆಡದೆ ಮಗುವಿನ ಪುಸ್ತಕಗಳನ್ನು ತೋರಿಸಿ.

ಮನೆಯಲ್ಲಿ ಅಂಗಡಿಯೋ ಹೋಟೆಲೋ ಇದ್ದರೆ ಇನ್ನೊಂದು ಎಚ್ಚರ ಬೇಕು. 14ರೊಳಗಿನ ಮಗು ಮನೆಯ ಉದ್ಯೋಗಕ್ಕೆ ಕೈಜೋಡಿಸಲು ಬಾಲಕಾರ್ಮಿಕ ಕಾಯ್ದೆ ಅವಕಾಶ ಕೊಡುವುದು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯವಿಲ್ಲದ ಕೆಲಸಕ್ಕೆ. ಬೆಳಿಗ್ಗೆ 11ಕ್ಕೆ ಗಲ್ಲಾದಲ್ಲಿ ಕೂತ ಹತ್ತು ವರ್ಷದ ಮಗುವನ್ನು ‘ಇವನು ಮನೆಯಲ್ಲಿ ಓದುತ್ತಾನೆ’ ಎಂದು ಸಮರ್ಥಿಸಿಕೊಳ್ಳಲು ಆಗದು.

ಏಳು ವರ್ಷದ ಲೆಕ್ಕ

ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲದ, ಗೊತ್ತಾಗುವಾಗ ತಡವಾಗಿರುವ ವಿಷಯ ಇದು. ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ರಾಜ್ಯದ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಮುಂತಾದ ಸೀಟು ಕೇಳುವ ಸಾಮಾನ್ಯ ದಾರಿಗೆ ಒಂದು ಷರತ್ತಿದೆ. 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು. ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ಮನೆಯಲ್ಲಿ ಓದಿದ ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ. ಊರು ಇಲ್ಲಿಯದೇ, ಮಾತು ಕನ್ನಡವೇ ಆದರೂ ಅಷ್ಟೇ.

ಕಾಗದದ ಮೇಲೆ 1ರಿಂದ 12ರವರೆಗೆ ಚೌಕ ಎಳೆದು ಗುರುತು ಹಾಕಿ. 5ನೇ ತರಗತಿ ಮುಗಿಯುವವರೆಗೆ ಮನೆಯಲ್ಲಿ ಓದಿಸಿ 6ಕ್ಕೆ ಶಾಲೆಗೆ ಸೇರಿಸಿದರೆ 6ರಿಂದ 12, ಸರಿಯಾಗಿ ಏಳು ವರ್ಷ. 1ರಿಂದ 5 ಶಾಲೆ, 6ರಿಂದ 10 ಮನೆ, ಮತ್ತೆ ಎರಡು ವರ್ಷ ಪಿಯು ಕಾಲೇಜು: ಇದೂ ಏಳು. 4ನೇ ತರಗತಿಗೇ ಬಿಡಿಸಿ ಪಿಯುಗೆ ಮಾತ್ರ ಸೇರಿಸಿದರೆ ಐದೋ ಆರೋ ಆಗಿ ನಿಲ್ಲುತ್ತದೆ. ಪೋಷಕರ ವ್ಯಾಸಂಗ ಅಥವಾ ಸೇವೆಯ ಆಧಾರದ ಬೇರೆ ಕಲಂಗಳೂ ಇವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪ್ರತಿವರ್ಷ ಹೊರಡಿಸುವ ಮಾಹಿತಿ ಪುಸ್ತಿಕೆಯಲ್ಲಿ ಅವನ್ನು ಒಂದೊಂದಾಗಿ ಓದಿಕೊಳ್ಳಿ. ಶಾಲೆಯಲ್ಲಿ ಓದಿದ ಪ್ರತಿ ವರ್ಷಕ್ಕೂ ವ್ಯಾಸಂಗ ಪ್ರಮಾಣಪತ್ರ ಪಡೆದು ಬಿಇಒ ಮೇಲುಸಹಿ ಮಾಡಿಸಿಡಿ. ಹತ್ತು ವರ್ಷದ ಮೇಲೆ ಆ ಶಾಲೆ ಮುಚ್ಚಿಹೋಗಿದ್ದರೆ ಪತ್ರಕ್ಕಾಗಿ ಅಲೆಯುವವರು ನೀವೇ.

ಹಳ್ಳಿಯ ಕುಟುಂಬಗಳು, ಕನ್ನಡ ಮಾಧ್ಯಮದವರು ಇನ್ನೂ ಹುಷಾರಾಗಿರಬೇಕು. ಸಿಇಟಿಯ ಗ್ರಾಮೀಣ ಮೀಸಲಾತಿ (15%) ಮತ್ತು ಕನ್ನಡ ಮಾಧ್ಯಮ ಮೀಸಲಾತಿ (5%) ಎರಡಕ್ಕೂ 1ರಿಂದ 10ರವರೆಗಿನ ಪೂರ್ತಿ ಹತ್ತು ವರ್ಷದ ದಾಖಲೆ ಬೇಕು. ಒಂದು ವರ್ಷ ಮನೆಯಲ್ಲಿ ಓದಿಸಿದರೂ ಅದು ಕೈಬಿಟ್ಟು ಹೋಗುತ್ತದೆ. ಬೇಕಿಲ್ಲ ಎನ್ನುವವರು ಬಿಡಬಹುದು. ಆದರೆ ಬಿಡುತ್ತಿರುವುದು ನೀವಲ್ಲ, ಇನ್ನೂ ಏಳು ವರ್ಷದ ಮಗು.

ಹತ್ತನೇ ತರಗತಿಗೆ ಯಾವ ಬಾಗಿಲು

ಮನೆಯಲ್ಲೇ ಓದಿ ಹತ್ತನೆಯದನ್ನು ಬರೆಯುವವರು ಹೆಚ್ಚಾಗಿ ಹಿಡಿಯುವುದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ. ಅದರ ಸೆಕೆಂಡರಿಗೆ, ಅಂದರೆ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಕನಿಷ್ಠ 5 ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ವರ್ಷಕ್ಕೆ ಎರಡು ಬಾರಿ ಸಾರ್ವಜನಿಕ ಪರೀಕ್ಷೆ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ನೋಂದಣಿ ಐದು ವರ್ಷ ಉಳಿಯುತ್ತದೆ, ಒಂದೊಂದು ವಿಷಯವಾಗಿಯೂ ಮುಗಿಸಬಹುದು. ಇಲ್ಲಿ ಎಡವುವುದು ಎರಡು ಕಡೆ. ಮನೆಯಿಂದ ಬರೆದು ಸಲ್ಲಿಸಬೇಕಾದ ನಿಯೋಜಿತ ಕಾರ್ಯಗಳನ್ನು (ಟಿಎಂಎ) ಮರೆಯುವುದು ಒಂದು. ಮುಂದೆ ವಿಜ್ಞಾನ ಓದುವ ಆಸೆಯಿರುವ ಮಗು ಸುಲಭವೆಂದು ಗಣಿತ ಬಿಟ್ಟು ಬೇರೆ ವಿಷಯ ಆರಿಸಿಕೊಳ್ಳುವುದು ಇನ್ನೊಂದು.

ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಬರೆಯುವ ದಾರಿಯೂ ಇದೆ. ಪರೀಕ್ಷಾ ಮಂಡಳಿಯ ಆ ವರ್ಷದ ಸುತ್ತೋಲೆಯಲ್ಲಿ ವಯಸ್ಸಿನ ಷರತ್ತು, ನೋಂದಣಿಯ ಕೊನೆಯ ದಿನ ಇರುತ್ತವೆ.

ದೊಡ್ಡವರ ಗಂಟೆಗಳು

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಒಂದೇ ಮಗುವನ್ನು ಕೂರಿಸಿಕೊಂಡು ಕಲಿಸುವಾಗ ಇಷ್ಟು ಬೇಕಿಲ್ಲ. ಪ್ರಾಥಮಿಕ ಹಂತಕ್ಕೆ ದಿನಕ್ಕೆ ಎರಡೂವರೆ ಗಂಟೆ ಗಟ್ಟಿಯಾಗಿ ನಡೆದರೆ ಸಾಕು. ಆದರೆ ಅದಕ್ಕೆ ದಿನಕ್ಕೊಂದು ಗಂಟೆ ತಯಾರಿಯೂ ಬೇಕು. ವಾರಕ್ಕೆ ಐದು ದಿನವೆಂದರೆ ಹದಿನೇಳು ಹದಿನೆಂಟು ಗಂಟೆ. ಇದು ಯಾರ ಗಂಟೆ? ಎಷ್ಟೋ ಮನೆಗಳಲ್ಲಿ ತೀರ್ಮಾನ ಅಪ್ಪನದು, ಗಂಟೆಗಳು ಅಮ್ಮನವು. ವಾರದ ವೇಳಾಪಟ್ಟಿಯಲ್ಲಿ ಇಬ್ಬರ ಹೆಸರೂ ಬರೆಯಿರಿ. ಅಪ್ಪನ ಹೆಸರಿನ ಮುಂದೆ ಕನಿಷ್ಠ ಐದು ಗಂಟೆ ಬರೆಯಲು ಆಗದಿದ್ದರೆ ಇಲ್ಲಿಗೇ ನಿಲ್ಲಿಸಿ. ಕೆಲಸ ಬಿಡುವವರಿದ್ದರೆ ಬಿಟ್ಟ ಸಂಬಳವನ್ನೂ ಶುಲ್ಕದ ಪಕ್ಕದಲ್ಲೇ ಬರೆಯಿರಿ. ಆಗ ಮನೆಶಿಕ್ಷಣ ಅಗ್ಗವೆಂಬ ಭ್ರಮೆ ಹೋಗುತ್ತದೆ.

ಆರು ವಾರ ಮಾಡಿ ನೋಡಿ

ಟಿಸಿ ತೆಗೆದುಕೊಳ್ಳುವ ಮೊದಲು ಬೇಸಿಗೆ ರಜೆಯಲ್ಲಿ ಪರೀಕ್ಷಿಸಿ. ಮೊದಲ ದಿನ ಮಗುವಿನ ಮಟ್ಟ ಗುರುತಿಸಿ: ನೋಡಿರದ ಒಂದು ಪುಟ ಕನ್ನಡ ಗಟ್ಟಿಯಾಗಿ ಓದಿಸಿ, ಒತ್ತಕ್ಷರದಲ್ಲಿ ಎಲ್ಲಿ ತಡವರಿಸುತ್ತದೆ ಬರೆದುಕೊಳ್ಳಿ. ಐದು ಸ್ವಂತ ವಾಕ್ಯ ಬರೆಸಿ. 502ರಿಂದ 178 ಕಳೆಯಲು ಹೇಳಿ. ಸೊನ್ನೆ ದಾಟಿ ದಶಕ ತೆಗೆದುಕೊಳ್ಳುವಲ್ಲಿ ತಪ್ಪಿದರೆ ಸ್ಥಾನಬೆಲೆ ತಿಳಿದಿಲ್ಲವೆಂದು ಅರ್ಥ. ಮಗ್ಗಿ ಎಷ್ಟೇ ಚೆನ್ನಾಗಿ ಒಪ್ಪಿಸಿದರೂ ಅಲ್ಲಿಂದಲೇ ಶುರು ಮಾಡಬೇಕು. ಆಯಾ ತರಗತಿಗೆ ಏನು ಬರಬೇಕೆಂದು ತಿಳಿಯಲು ಎನ್‌ಸಿಇಆರ್‌ಟಿ 2017ರಲ್ಲಿ ಪ್ರಕಟಿಸಿದ ಕಲಿಕಾ ಫಲಗಳ ಪಟ್ಟಿ ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸಾವಿರಾರು ರೂಪಾಯಿಯ ‘ಹೋಮ್‌ಸ್ಕೂಲ್ ಕಿಟ್’ ಈ ಹಂತದಲ್ಲಿ ಕೊಳ್ಳಬೇಡಿ.

ಮೊದಲ ವಾರ ಪಾಠ ಬೇಡ, ಮಗು ದಣಿವಾರಿಸಿಕೊಳ್ಳಲಿ. ಉಳಿದ ಐದು ವಾರ, ವಾರಕ್ಕೆ ಐದು ದಿನ: 40 ನಿಮಿಷ ಕನ್ನಡ, 40 ನಿಮಿಷ ಗಣಿತ, 30 ನಿಮಿಷ ಇಂಗ್ಲಿಷ್, 40 ನಿಮಿಷ ಕೈಕೆಲಸ ಅಥವಾ ಗಮನಿಸಿ ಬರೆಯುವ ವಿಜ್ಞಾನ. ಗಂಟೆ ಹೊಡೆದು ಪೀರಿಯಡ್ ಮಾಡುವುದು ಬೇಡ, ಹೊತ್ತು ಮಾತ್ರ ಒಂದೇ ಇರಲಿ. 25 ದಿನಗಳಲ್ಲಿ ಎಷ್ಟು ದಿನ ಪಾಠ ನಡೆಯಿತೆಂದು ಕ್ಯಾಲೆಂಡರಿನಲ್ಲಿ ಗುರುತಿಸಿ. ಮದುವೆ, ಜಾತ್ರೆ, ನೆಂಟರು ಎಲ್ಲ ಬರಲಿ, ಮುಂದೆಯೂ ಬರುವವೇ. 20 ದಾಟಿದರೆ ನಿಮ್ಮ ಮನೆಗೆ ಇದು ಒಗ್ಗುತ್ತದೆ. 15ರ ಕೆಳಗೆ ಇಳಿದರೆ ಶ್ರಾವಣ ಬರುವಷ್ಟರಲ್ಲಿ ನಿಂತುಹೋಗುತ್ತದೆ.

ರಜೆಯ ಪರೀಕ್ಷೆಯಿಂದ ತಿಳಿಯದ್ದು ಒಂಟಿತನ. ಮೇ ತಿಂಗಳಲ್ಲಿ ಬೀದಿ ತುಂಬ ಮಕ್ಕಳು, ಜೂನಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬೀದಿ ಖಾಲಿ. ಆದ್ದರಿಂದ ವಾರಕ್ಕೆ ಮೂರು ಬಾರಿ, ಅದೇ ದಿನ, ಅದೇ ಮಕ್ಕಳ ಜೊತೆ ಸೇರುವ ಜಾಗಗಳನ್ನು ಮೊದಲೇ ಹೊಂದಿಸಿ: ಖೊಖೊ ತಂಡ, ಸಂಗೀತ ಪಾಠ, ಗ್ರಂಥಾಲಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ತಿಂಗಳಿಗೊಮ್ಮೆ ಯಾರದೋ ಮನೆಯಲ್ಲಿ ಸೇರುವುದು ಗೆಳೆತನಕ್ಕೆ ಸಾಲದು.

ಶಾಲೆ ಸದ್ದಿಲ್ಲದೆ ಕೊಡುತ್ತಿದ್ದದ್ದು

10 ಮತ್ತು 16ನೇ ವಯಸ್ಸಿನ ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆ, ಜಂತುಹುಳು ಮಾತ್ರೆ, ಕಣ್ಣು–ಹಲ್ಲಿನ ತಪಾಸಣೆ ಶಾಲೆಯಲ್ಲೇ ಆಗುತ್ತಿದ್ದವು. ಇನ್ನು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ನೀವೇ ಕೇಳಬೇಕು. ಬಿಸಿಯೂಟ, ವಿದ್ಯಾರ್ಥಿವೇತನ, ಬಸ್ ಪಾಸೂ ಹೋಗುತ್ತವೆ.

ಬಿಡಿಸುವುದೇ ಆದರೆ

ಶೈಕ್ಷಣಿಕ ವರ್ಷದ ಕೊನೆಗೆ ಬಿಡಿಸಿ, ನಡುವೆ ಬೇಡ. ಟಿಸಿ, ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ (ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ತೆಗೆದುಕೊಂಡು, ಹೆಸರು, ಜನ್ಮದಿನಾಂಕ ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಇರುವಂತೆಯೇ ಇವೆಯೇ ಎಂದು ಅಕ್ಷರ ಅಕ್ಷರ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ಈಗ ಶಾಲೆಯಲ್ಲಿ ಒಂದು ಅರ್ಜಿಯಲ್ಲಿ ಸರಿಯಾಗುತ್ತದೆ. ಒಂದು ಫೈಲಿನಲ್ಲಿ ವಾರಕ್ಕೊಂದು ಪುಟ ಮಗುವಿನ ಬರಹ, ಒಂದು ಪುಟ ಗಣಿತ, ದಿನಾಂಕ ಹಾಕಿ ಇಡಿ. ತಪ್ಪಿರುವ ಪುಟವನ್ನೂ ಎಸೆಯಬೇಡಿ.

ಮರಳಿ ಶಾಲೆಗೆ ಹೋಗುವ ದಾರಿ 14ರವರೆಗೆ ಅಗಲವಾಗಿದೆ. ಕಾಯ್ದೆಯ 4ನೇ ಕಲಂ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. 9ನೇ ತರಗತಿಯಿಂದ ಈ ರಕ್ಷಣೆ ಇಲ್ಲ, ಹಿಂದಿನ ದಾಖಲೆ ಕೇಳುತ್ತಾರೆ. ಹಾಗಾಗಿ ಶಾಲೆಯಿಂದಲೇ ಎಸ್‌ಎಸ್‌ಎಲ್‌ಸಿ ಬರೆಸುವ ಮನಸ್ಸಿದ್ದರೆ 8ನೇ ತರಗತಿಯ ಆರಂಭದೊಳಗೆ ಸೇರಿಸಿಬಿಡಿ. ಮೊದಲ ವರ್ಷ ಎರಡು ಬಾರಿ, ದಸರಾ ರಜೆಯಲ್ಲಿ ಮತ್ತು ಮಾರ್ಚ್ ಕೊನೆಗೆ, ಬೇಸಿಗೆಯ ಆ ಮೊದಲ ದಿನದ ಪರೀಕ್ಷೆಯನ್ನೇ ಮತ್ತೆ ಮಾಡಿ. ಆಮೇಲೆ ಮಗುವನ್ನೇ ಕೇಳಿ, ಅಪ್ಪ ಅಮ್ಮ ಇಬ್ಬರೂ ಇಲ್ಲದ ಹೊತ್ತಿನಲ್ಲಿ, ಅಜ್ಜಿಯೋ ಅತ್ತೆಯೋ ಮಾವನೋ ಕೇಳಲಿ: ಜೂನಿಗೆ ಶಾಲೆಗೆ ಹೋಗುತ್ತೀಯಾ, ಮನೆಯಲ್ಲೇ ಇರುತ್ತೀಯಾ?