ಹಜ್‌ಗೆ ಹೊರಟಿದ್ದೀರಾ? ಮೊದಲು ನೀರಿನ ಬಾಟಲ್ ತೋರಿಸಿ

ಹಜ್‌ಗೆ ಹೊರಡೋ ಮನೇಲಿ ಒಂದು ತಿಂಗಳು ಮುಂಚೆಯಿಂದಲೇ ಪ್ಯಾಕಿಂಗ್ ಶುರುವಾಗಿರುತ್ತೆ. ಉಪ್ಪಿನಕಾಯಿ, ಚಟ್ನಿಪುಡಿ, ಇಹ್ರಾಮ್ ಬಟ್ಟೆ (ಹಜ್ ವ್ರತದಲ್ಲಿ ಉಡೋದು) ಎರಡು ಜೊತೆ, ಸೊಂಟದ ಬೆಲ್ಟು, ಚಪ್ಪಲಿ ಇಟ್ಕೊಳ್ಳೋಕೆ ಬಟ್ಟೆ ಚೀಲ, ಎಲ್ಲಾ ಲಿಸ್ಟ್ ಮಾಡಿ ಟಿಕ್ ಹಾಕಿರ್ತಾರೆ. ನೀರಿನ ಬಾಟಲ್ ಮಾತ್ರ ಹೊರಡೋ ದಿನ ಬೆಳಗ್ಗೆ ನೆನಪಾಗೋದು, ಆಗ ಮೊಮ್ಮಗನ ಸ್ಕೂಲ್ ಬಾಟಲ್ಲೇ ಬ್ಯಾಗಿಗೆ ಬೀಳುತ್ತೆ. ನಾನೂ ಒಂದ್ಸಲ ಹೋಗಿ ಬಂದಿದ್ದೀನಿ, ಆಮೇಲಿಂದ ನಮ್ಮ ಕಡೆ ಯಾರು ಹೊರಟ್ರೂ ಲಗೇಜ್ ಕಟ್ಟೋಕೆ ನನ್ನನ್ನೇ ಕರೀತಾರೆ, ಹಾಗಾಗಿ ಒಂದೇ ತಪ್ಪನ್ನ ಎಷ್ಟು ಜನ ಮಾಡ್ತಾರೆ ಅಂತ ನೋಡಿ ನೋಡಿ ಸಾಕಾಗಿದೆ. ಮಕ್ಕಾದಲ್ಲಿ ಈಗ ನೀರಿಗೇನೂ ಬರ ಇಲ್ಲ, ಕೊಳಕು ನೀರು ಸಿಗೋದೂ ಕಷ್ಟಾನೇ, ಆದ್ರೆ ಸಿಕ್ಕ ಒಳ್ಳೇ ನೀರನ್ನ ನಾವೇ ಕೈಯಾರೆ ಕೆಡಿಸ್ಕೊಳ್ತೀವಿ ಇಲ್ಲಾ ಕುಡಿಯೋದೇ ಬಿಟ್ಬಿಡ್ತೀವಿ.

ಹೆಜ್ಜೆ 1: ಬಾಟಲ್

ಸ್ಟೀಲ್, ಒಂದು ಲೀಟರ್, ಒಳಗೆ ಕೈ ಅಲ್ಲದಿದ್ರೂ ಬ್ರಷ್ ಆದ್ರೂ ಹೋಗುವಷ್ಟು ಅಗಲ ಬಾಯಿ. ಅಷ್ಟೇ. ಸಿಪ್ಪರ್, ಸ್ಟ್ರಾ ಇರೋದು ಬೇಡವೇ ಬೇಡ, ನಂಬಿಕೆ ಬರ್ದಿದ್ರೆ ನಿಮ್ಮನೇಲಿರೋ ಸಿಪ್ಪರ್ ಮುಚ್ಚಳ ಬಿಚ್ಚಿ ಆ ರಬ್ಬರ್ ರಿಂಗ್ ಎಬ್ಬಿಸಿ ನೋಡಿ, ಅಡಿಯಲ್ಲಿ ಕಪ್ಪಗೆ ಲೋಳೆ ಕೂತಿರುತ್ತೆ. ಅಲ್ಕಲೈನ್ ಬಾಟಲ್, ಹೈಡ್ರೋಜನ್ ಬಾಟಲ್ ಅಂತ ಸಾವಿರಾರು ರೂಪಾಯಿಗೆ ಮಾರ್ತಾರಲ್ಲ, ಆ ದುಡ್ಡಲ್ಲಿ ಒಳ್ಳೇ ಛತ್ರಿ ತಗೊಳ್ಳಿ. ಟಿಡಿಎಸ್ ಮೀಟರ್ ಕೂಡ ಬೇಡ, ಅದು ನೀರಲ್ಲಿ ಕರಗಿರೋ ಖನಿಜ, ಉಪ್ಪಿನ ಅಂದಾಜು ಹೇಳುತ್ತೆ ಅಷ್ಟೇ, ಕ್ರಿಮಿ ಇದೆಯಾ ಇಲ್ವಾ ಅಂತ ಅದಕ್ಕೆ ಗೊತ್ತಾಗಲ್ಲ. ನಮ್ಮ ರೂಮಲ್ಲಿದ್ದ ಒಬ್ರು ಅದನ್ನ ಜಮ್‌ಜಮ್‌ನಲ್ಲಿ, ಅಂದ್ರೆ ಮಕ್ಕಾದ ಪವಿತ್ರ ಬಾವಿ ನೀರಲ್ಲಿ, ಅದ್ದಿ, ನಂಬರ್ ಜಾಸ್ತಿ ಬಂತು ಅಂತ ಮುಖ ಸಪ್ಪಗೆ ಮಾಡ್ಕೊಂಡಿದ್ರು. ಜಮ್‌ಜಮ್‌ನಲ್ಲಿ ಖನಿಜ ಸಹಜವಾಗೇ ಜಾಸ್ತಿ, ನಂಬರ್ ಜಾಸ್ತಿ ಬರಲೇಬೇಕು!

ಒಬ್ಬರಿಗೆ ಒಂದು ಬಾಟಲ್, ಮೇಲೆ ಹೆಸರು ಬರೆದ ಟೇಪ್. ಗಂಡ ಹೆಂಡತಿಗೂ ಬೇರೆ ಬೇರೆ. ಬೇರೆಯವರಿಗೆ ಕೊಡಬೇಕಾಗಿ ಬಂದ್ರೆ ನಮ್ಮೂರಲ್ಲಿ ಕುಡಿಯೋ ಹಾಗೆ ಬಾಯಿಗೆ ತಾಗಿಸದೆ ಎತ್ತಿ ಕುಡೀರಿ ಅನ್ನಿ, ಇಲ್ಲಾ ಲೋಟಕ್ಕೆ ಬಗ್ಗಿಸಿ ಕೊಡಿ. ನೀರಿನ ಚೀಲಕ್ಕೆ ನೇರ ಬಾಯಿ ಹಾಕಬೇಡಿ, ಪಾತ್ರೆ ಮುಚ್ಚಿಡಿ, ಪಾತ್ರೆಯೊಳಗೆ ಉಸಿರು ಬಿಡಬೇಡಿ ಅಂತ ಹದೀಸ್‌ಗಳಲ್ಲೇ (ಪ್ರವಾದಿಯವರ ಮಾತುಗಳಲ್ಲೇ) ಇದೆ, ಹಾಗಾಗಿ ಇದನ್ನ ಡಾಕ್ಟರ್ ಬಂದು ಹೇಳ್ಬೇಕಾಗೇನೂ ಇಲ್ಲ.

ಹೆಜ್ಜೆ 2: ಅಜೀಜಿಯಾ ರೂಮಿನ ನೀರು

ಸರ್ಕಾರದ ಹಜ್ ಕಮಿಟಿ ಮೂಲಕ ಹೋಗೋರು ಸಾಮಾನ್ಯವಾಗಿ ಮಕ್ಕಾದ ಅಜೀಜಿಯಾ ಬಡಾವಣೆಯ ಬಿಲ್ಡಿಂಗ್‌ಗಳಲ್ಲೇ ಇರೋದು. ಮಕ್ಕಾಗೆ ನೀರು ಬರೋದು ಹೆಚ್ಚಾಗಿ ಕೆಂಪು ಸಮುದ್ರದ ದಡದಲ್ಲಿರೋ ಶುಐಬಾದಂಥ ಪ್ಲಾಂಟ್‌ಗಳಿಂದ, ಸಮುದ್ರದ ನೀರಿನ ಉಪ್ಪು ತೆಗೆದು ಕಳಿಸ್ತಾರೆ. ಅಲ್ಲಿಂದ ಹೊರಡುವಾಗ ನೀರು ಚೆನ್ನಾಗೇ ಇರುತ್ತೆ, ಆದ್ರೆ ನಿಮ್ಮ ಬಿಲ್ಡಿಂಗಿನ ಸಂಪು, ಮೇಲಿನ ಟ್ಯಾಂಕು ಯಾವಾಗ ತೊಳೆದ್ರೋ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ. ನಲ್ಲಿ ನೀರು ಸ್ನಾನಕ್ಕೆ, ವುಜೂಗೆ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋಕೆ), ಪಾತ್ರೆಗೆ. ಕುಡಿಯೋಕೆ ಸೀಲ್ ಇರೋ ನೀರು, ಅದಿಲ್ಲ ಅಂದ್ರೆ ಕೆಟಲ್‌ನಲ್ಲಿ ಕುದಿಸಿದ್ದು, ಗುಳ್ಳೆ ಎದ್ದು ಕೊತಕೊತ ಕುದಿಯೋಕೆ ಶುರುವಾದ್ಮೇಲೆ ಒಂದು ನಿಮಿಷ ಸಾಕು. ಕೆಟಲ್ ತಾನಾಗೇ ಆಫ್ ಆಗಿಬಿಟ್ರೆ ಇನ್ನೊಂದ್ಸಲ ಒತ್ತಿ. ಕ್ಲೋರಿನ್ ಮಾತ್ರೆ ಒಂದು ಸ್ಟ್ರಿಪ್ ಇಟ್ಕೊಂಡ್ರೆ ತಪ್ಪಿಲ್ಲ, ಎಷ್ಟು ಲೀಟರ್‌ಗೆ ಒಂದು ಅಂತ ಸ್ಟ್ರಿಪ್ ಮೇಲೆ ಇರುತ್ತೆ ಓದ್ಕೊಳ್ಳಿ, ಹಾಕಿ ಅರ್ಧ ಗಂಟೆ ಬಿಡಿ.

ಹೆಜ್ಜೆ 3: ಹರಮ್‌ನಲ್ಲಿ ಜಮ್‌ಜಮ್

ಜಮ್‌ಜಮ್ ಬಾವಿ ಹರಮ್ ಅಂದ್ರೆ ಮಕ್ಕಾದ ದೊಡ್ಡ ಮಸೀದಿಯೊಳಗೆ, ಕಅಬಾದಿಂದ ಸುಮಾರು 20 ಮೀಟರ್ ದೂರದಲ್ಲಿದೆ, ಆಳ ಸುಮಾರು 30 ಮೀಟರ್, ಈಗ ಹತ್ರ ಹೋಗಿ ನೋಡೋಕಾಗಲ್ಲ. ನೀರನ್ನ ಪಂಪ್ ಮಾಡಿ ಕುದೈಯಲ್ಲಿರೋ ಪ್ಲಾಂಟಿಗೆ ಕಳಿಸ್ತಾರೆ, 2010ರಲ್ಲಿ ಶುರುವಾಗಿದ್ದು ಅದು, ಅಲ್ಲಿ ಫಿಲ್ಟರ್ ಆಗಿ, ಅಲ್ಟ್ರಾವಯಲೆಟ್ ಬೆಳಕಲ್ಲಿ ಹಾದು ವಾಪಸ್ ಹರಮ್‌ಗೆ ಬರುತ್ತೆ. ಹಾಗಾಗಿ ಕೂಲರ್‌ನಲ್ಲಿರೋ ನೀರಿನ ಬಗ್ಗೆ ಅನುಮಾನ ಬೇಡ, ಅನುಮಾನ ಪಡಬೇಕಾಗಿರೋದು ಲೋಟದ ಮೇಲೆ. ಕೂಲರ್‌ನ ಒಂದು ಪಕ್ಕ ಹೊಸ ಲೋಟ ಇರುತ್ತೆ, ಇನ್ನೊಂದು ಪಕ್ಕ ಕುಡಿದು ಹಾಕಿದ್ದು, ಎರಡೂ ಒಂದೇ ಥರ ಒಂದರೊಳಗೊಂದು ಸೇರ್ಕೊಂಡಿರುತ್ತೆ. ತವಾಫ್, ಅಂದ್ರೆ ಕಅಬಾಕ್ಕೆ ಏಳು ಸುತ್ತು, ಮುಗಿಸಿ ಗಂಟಲು ಒಣಗಿ ಬಂದೋರು ಯಾವ ಕಡೆ ಅಂತ ನೋಡ್ತಾರಾ, ಕೈಗೆ ಸಿಕ್ಕಿದ್ದನ್ನ ಎಳ್ಕೊಳ್ತಾರೆ. ಒಂದ್ಸಲ ಲೋಟದ ಒಳಗೆ ಬೆರಳಾಡಿಸಿ ನೋಡಿ, ಒದ್ದೆ ಇದ್ರೆ ಬಿಟ್ಬಿಡಿ. ಬಾಟಲ್ ತುಂಬುವಾಗ ಬಾಟಲ್ ಬಾಯನ್ನ ನಲ್ಲಿಗೆ ಒತ್ತಬೇಡಿ, ಒಂದಂಗುಲ ಕೆಳಗೆ ಹಿಡೀರಿ. ಗಂಟಲು ಸೂಕ್ಷ್ಮ ಇರೋರಿಗೆ ತಣ್ಣಗೆ ಮಾಡದ ನೀರಿನ ಡ್ರಮ್ ಬೇರೆ ಇರುತ್ತೆ, ಮೇಲೆ ‘ನಾಟ್ ಕೋಲ್ಡ್’ ಅಂತ ಬರೆದಿರುತ್ತೆ.

ಸಫಾ, ಮರ್ವಾ ಅನ್ನೋ ಎರಡು ಗುಡ್ಡಗಳ ನಡುವೆ ನಡೆಯೋ ಸಯೀ ಅಂದ್ರೆ ಏಳು ಸಲ ಸೇರಿ ಮೂರು ಕಿಲೋಮೀಟರ್ ಮೇಲಾಗುತ್ತೆ, ಶುರು ಮಾಡೋಕೆ ಮುಂಚೆನೇ ಬಾಟಲ್ ತುಂಬಿಸ್ಕೊಳ್ಳಿ.

ಹೆಜ್ಜೆ 4: ಮಿನಾ, ಅರಫಾತ್, ಮುಜ್ದಲಿಫಾ

ಹಜ್ ದಿನಗಳಲ್ಲಿ ಮಕ್ಕಾದ ಹೊರಗೆ ಹೋಗಿ ತಂಗೋ ಜಾಗಗಳಿವು, ಇಲ್ಲೇ ಎಲ್ಲರೂ ಎಡವೋದು, ನಿಧಾನಕ್ಕೆ ಓದಿ.

ದುಲ್ ಹಜ್ ತಿಂಗಳ 8ನೇ ದಿನಕ್ಕೆ ಯೌಮುತ್ತರ್ವಿಯಾ ಅಂತ ಹೆಸರು, ನೀರು ಕುಡಿದು ತುಂಬಿಕೊಳ್ಳೋ ದಿನ ಅಂತ. ಹಿಂದೆ ಅರಫಾತ್‌ನಲ್ಲಿ ನೀರಿರ್ತಿರಲಿಲ್ಲ, ಅವತ್ತೇ ಒಂಟೆಗೂ ಕುಡಿಸಿ ಚೀಲಾನೂ ತುಂಬಿಸ್ಕೊಂಡು ಹೊರಡ್ತಿದ್ರು. ಖಲೀಫ ಹಾರೂನ್ ರಶೀದರ ಹೆಂಡತಿ ಜುಬೈದಾ ಹಾಜಿಗಳಿಗೋಸ್ಕರ ಬೆಟ್ಟ ಕಡಿಸಿ ಕಾಲುವೆ ತರಿಸಿದ್ದು ಇದೇ ಕಷ್ಟ ನೋಡಿ. ಆ ಹೆಸರೇ ನಿಮ್ಮ ಟೈಮ್‌ಟೇಬಲ್ ಅಂದ್ಕೊಳ್ಳಿ: 8ಕ್ಕೆ ರೂಮ್ ಬಿಡೋಕೆ ಮುಂಚೆ ಬಾಟಲ್ ಬ್ರಷ್ ಹಾಕಿ ತೊಳೆದು, ಬಿಸಿನೀರು ಬಗ್ಗಿಸಿ, ತುಂಬಿಸ್ಕೊಂಡು ಹೊರಡಿ. ಸೋಪು ವಾಸನೆ ಇಲ್ಲದ್ದು ಇರಲಿ, ಇಹ್ರಾಮ್‌ನಲ್ಲಿ ಸುಗಂಧ ಬಳಸೋ ಹಾಗಿಲ್ಲ, ಸುವಾಸನೆ ಸೋಪು, ಸ್ಯಾನಿಟೈಸರ್ ಯಾವುದೂ ಆಗಲ್ಲ. ತುಂಬಾ ಜನ ಆ ಭಯಕ್ಕೆ ಇಹ್ರಾಮ್ ಇರೋವರೆಗೂ ಸೋಪೇ ಮುಟ್ಟಲ್ಲ, ಟಾಯ್ಲೆಟ್‌ಗೆ ಹೋಗಿ ಬರೀ ನೀರಲ್ಲಿ ಕೈ ತೊಳೆದು ಅದೇ ಕೈಯಲ್ಲಿ ಬಾಟಲ್ ಮುಚ್ಚಳ ತೆಗೀತಾರೆ. ಹೊಟ್ಟೆ ಕೆಟ್ಟ ಮೇಲೆ ಮಕ್ಕಾ ನೀರು ಸರಿ ಇಲ್ಲ ಅಂತಾರೆ. ವಾಸನೆ ಇಲ್ಲದ ಸೋಪು ಊರಿಂದಲೇ ತಗೊಂಡು ಹೋಗಿ, ಎರಡು ತುಂಡು.

ಎರಡನೇ ತಪ್ಪು ಇನ್ನೂ ದೊಡ್ಡದು. ಮಿನಾದ ಟೆಂಟಲ್ಲಿ ನೀರಿರುತ್ತೆ, ಬಾಕ್ಸ್‌ಗಟ್ಟಲೆ ಇರುತ್ತೆ, ಆದ್ರೆ ಟಾಯ್ಲೆಟ್ ಕ್ಯೂ ನೋಡಿ ಹೆಂಗಸರು, ಅದರಲ್ಲೂ ವಯಸ್ಸಾದೋರು, ನೀರು ಕುಡಿಯೋದೇ ನಿಲ್ಲಿಸ್ಬಿಡ್ತಾರೆ. ನಮ್ಮ ಖಾಲಾ (ಚಿಕ್ಕಮ್ಮ) ಹಾಗೇ ಮಾಡಿದ್ರು. ಪ್ರತಿ ಸಲ ಕೇಳಿದಾಗ್ಲೂ “ಕುಡಿದೆ ಬೇಟಾ, ಈಗ್ಲೇ ಕುಡಿದೆ” ಅನ್ನೋರು, ಬಾಟಲ್ ಎತ್ತಿ ನೋಡಿದ್ರೆ ಬೆಳಗ್ಗೆ ತುಂಬಿಸಿದ್ದು ಕತ್ತಿನವರೆಗೆ ಹಾಗೇ ಇದೆ. ಸಂಜೆ ಹೊತ್ತಿಗೆ ತಲೆ ತಿರುಗಿ ಕೂತ್ಬಿಟ್ರು, ಡ್ರಿಪ್ ಹಾಕಿಸ್ಬೇಕಾಯ್ತು. ಆಮೇಲೆ ಕೇಳೋದೇ ಬಿಟ್ಟೆ, ಬಾಟಲ್ ಮೇಲೆ (ಅವರದ್ದು ಒಳಗಿನ ನೀರು ಕಾಣೋ ಬಾಟಲ್) ಮಾರ್ಕರ್‌ನಲ್ಲಿ ಗೆರೆ ಎಳೆದೆ, ಫಜರ್ (ಬೆಳಗಿನ ಜಾವ), ಜುಹರ್ (ಮಧ್ಯಾಹ್ನ), ಅಸರ್ (ಸಂಜೆ ಮುಂಚೆ) ಅಂತ, ಆ ನಮಾಜಿನ ಹೊತ್ತಿಗೆ ನೀರು ಆ ಗೆರೆಗೆ ಇಳಿದಿರಬೇಕು, ಅಸರ್‌ಗೆ ಮುಂಚೆ ಬಾಟಲ್ ಎರಡು ಸಲ ತುಂಬಬೇಕು. ಮೂತ್ರದ ಬಣ್ಣ ತಿಳಿ ಹಳದಿ ಇದ್ರೆ ಸರಿ, ಟೀ ಡಿಕಾಕ್ಷನ್ ಥರ ಇದ್ರೆ ತಡ ಆಗಿದೆ ಅಂತ ಅರ್ಥ. ಹೃದಯ, ಕಿಡ್ನಿ ತೊಂದರೆ ಇರೋರು, ನೀರಿಳಿಸೋ ಮಾತ್ರೆ ತಗೊಳ್ಳೋರು ಎಷ್ಟು ಕುಡೀಬೇಕು ಅಂತ ಊರಲ್ಲೇ ಡಾಕ್ಟರನ್ನ ಕೇಳಿ ಚೀಟಿ ಬರೆಸ್ಕೊಂಡು ಹೋಗಿ.

2024ರ ಜೂನ್‌ನಲ್ಲಿ ಮಕ್ಕಾದ ಬಿಸಿಲು 51.8 ಡಿಗ್ರಿ ಮುಟ್ಟಿತ್ತು, ಆ ಹಜ್‌ನಲ್ಲಿ 1,300ಕ್ಕೂ ಹೆಚ್ಚು ಜನ ತೀರ್ಕೊಂಡ್ರು, ಹೆಚ್ಚಿನವರು ಪರ್ಮಿಟ್ ಇಲ್ಲದೆ ಬಂದು ನೆರಳು, ಟೆಂಟು ಇಲ್ಲದೆ ದೂರ ನಡೆದೋರು. ಆದ್ರೂ ಪರ್ಮಿಟ್ ಇದ್ದೋರಿಗೂ ಬಿಸಿಲು ಬಿಸಿಲೇ. ನಡೆಯುವಾಗ 15–20 ನಿಮಿಷಕ್ಕೊಂದು ಲೋಟದಷ್ಟು, ಗುಟುಕು ಗುಟುಕಾಗಿ. ಒಂದೇ ಸಲ ಎರಡು ಲೀಟರ್ ಸುರ್ಕೊಳ್ಳೋದೂ ಕೆಟ್ಟದ್ದೇ, ಬೆವರಲ್ಲಿ ಉಪ್ಪು ಹೋಗಿರುತ್ತೆ, ಬರೀ ನೀರು ತುಂಬಿದ್ರೆ ರಕ್ತದಲ್ಲಿ ಸೋಡಿಯಂ ಇನ್ನೂ ಇಳಿಯುತ್ತೆ.

ಅದಕ್ಕೆ ಓಆರ್‌ಎಸ್, ನೀರಿಗೆ ಕಲಸಿ ಕುಡಿಯೋ ಉಪ್ಪು-ಸಕ್ಕರೆ ಪುಡಿ. ಇಲ್ಲೊಂದು ಎಡವಟ್ಟು ನನ್ನ ಕಣ್ಣೆದುರೇ ಆಗಿದ್ದು. ಅರಫಾತ್‌ನಲ್ಲಿ ಫ್ರೀಯಾಗಿ ಹಂಚೋ ಬಾಟಲ್ ಚಿಕ್ಕದು, ನಮ್ಮೂರಿಂದ ತಂದಿರೋ ದೊಡ್ಡ ಪ್ಯಾಕೆಟ್, ಸುಮಾರು 21 ಗ್ರಾಂದು, ಒಂದು ಲೀಟರ್‌ಗೆ ಇರೋದು. ಪಕ್ಕದ ಟೆಂಟಿನ ಚಾಚಾ ಇಡೀ ಪ್ಯಾಕೆಟ್ ಆ ಚಿಕ್ಕ ಬಾಟಲ್‌ಗೇ ಸುರಿದು ಕುಲುಕಿ ಕುಡಿದ್ರು, ಸ್ಟ್ರಾಂಗ್ ಇದ್ರೆ ಬೇಗ ಕೆಲಸ ಮಾಡುತ್ತಂತೆ! ಹಾಗೆ ಮಾಡಿದ್ರೆ ಉಪ್ಪು ವಿಪರೀತ ಆಗಿ ವಾಂತಿ ಆಗುತ್ತೆ, ದಾಹ ಇನ್ನೂ ಏರುತ್ತೆ. 200 ಎಂಎಲ್‌ಗೆ ಅಂತಲೇ ನಾಲ್ಕು ಗ್ರಾಂ ಚಿಲ್ಲರೆಯ ಸಣ್ಣ ಸ್ಯಾಶೆ ಸಿಗುತ್ತೆ, ಅದನ್ನೇ ತಗೊಳ್ಳಿ. ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಓ ಫಾರ್ಮುಲಾ ಅಂತ ಇರಲೇಬೇಕು. ಟೆಟ್ರಾ ಪ್ಯಾಕಿನ ಸಿಹಿ ಜ್ಯೂಸನ್ನ ಓಆರ್‌ಎಸ್ ಅಂತ ಮಾರ್ತಿದ್ರಲ್ಲ, ಆ ಹೆಸರನ್ನ ಹಾಗೆ ಬಳಸಬಾರದು ಅಂತ 2025ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು, ಹಳೇ ಸ್ಟಾಕ್ ಯಾರಾದ್ರೂ ಕೈಗೆ ತುರುಕಿದ್ರೆ ಬೇಡ ಅನ್ನಿ. ಏನೂ ಸಿಗಲಿಲ್ಲ ಅಂದ್ರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚ, ಮಟ್ಟಸವಾಗಿ, ಗೋಪುರ ಕಟ್ಟಬೇಡಿ. ಕಲಸಿದ್ದು 24 ಗಂಟೆ ಮೇಲೆ ಇಡಬೇಡಿ.

ಅರಫಾ ದಿನ (ಅರಫಾತ್‌ನಲ್ಲಿರೋ 9ನೇ ದಿನ) ರೋಜಾ ಅಂದ್ರೆ ಉಪವಾಸ ಹಿಡಿಯೋ ಹಾಜಿಗಳೂ ಇದ್ದಾರೆ, ಪುಣ್ಯ ಅಂತ. ಆ ರೋಜಾ ಊರಲ್ಲಿರೋರಿಗೆ, ಪ್ರವಾದಿಯವರೇ ಅರಫಾತ್‌ನಲ್ಲಿ ಎಲ್ಲರೂ ನೋಡೋ ಹಾಗೆ ಹಾಲು ಕುಡಿದು ತೋರಿಸಿದ್ದಾರೆ. (ಹಾಲು ಅಂದ ತಕ್ಷಣ ನೆನಪಾಯ್ತು, ಒಂಟೆ ಹಸಿ ಹಾಲು ಮಾತ್ರ ಮುಟ್ಟಬೇಡಿ, ಮರ್ಸ್ ಅನ್ನೋ ಉಸಿರಾಟದ ಕಾಯಿಲೆ ಒಂಟೆಗಳಿಂದ ಬರೋದು.)

ಸೂರ್ಯ ಮುಳುಗಿ ಮುಜ್ದಲಿಫಾ ಬಸ್ ಹತ್ತೋಕೆ ಮುಂಚೆ ಬಾಟಲ್ ಫುಲ್ ಇರಬೇಕು, ಬಸ್ ಜಾಮ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತೋ ಹೇಳೋಕಾಗಲ್ಲ. ಮತ್ತೆ ಜಮರಾತ್ ಕಂಬಗಳಿಗೆ ಎಸೆಯೋ ಕಲ್ಲು ಆರಿಸೋಕೆ ಬೇರೆ ಚೀಲ ಇಟ್ಕೊಳ್ಳಿ. ನಗಬೇಡಿ, ಕುಡಿಯೋ ಬಾಟಲ್ ಖಾಲಿಯಾಯ್ತು ಅಂತ ಜಮರಾತ್ ಕಲ್ಲನ್ನ ಅದರಲ್ಲೇ ತುಂಬಿಸ್ಕೊಂಡು, ಬೆಳಗ್ಗೆ ಕಲ್ಲು ಎಸೆದು ಬಂದು, ಮಣ್ಣು ಕುಲುಕಿ ಚೆಲ್ಲಿ, ಅದಕ್ಕೇ ನೀರು ಹಿಡಿದೋರು ನಮ್ಮ ಗುಂಪಲ್ಲೇ ಮೂರು ಜನ ಇದ್ರು.

ಹೆಜ್ಜೆ 5: ಭೇದಿ ಶುರುವಾದ್ರೆ

ಓಆರ್‌ಎಸ್ ಶುರು ಮಾಡಿ, ರಕ್ತ ಬಂದ್ರೆ, ಜ್ವರ ಬಂದ್ರೆ, ನೀರೂ ನಿಲ್ಲದೆ ವಾಂತಿ ಆದ್ರೆ ಕ್ಯಾಂಪ್ ಕ್ಲಿನಿಕ್‌ಗೆ. ನಾಚಿಕೆ ಬೇಡ, ಮುಚ್ಚಿಡಬೇಡಿ. 1865ರಲ್ಲಿ ಹಜ್‌ಗೆ ಬಂದೋರಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತು, ವಾಪಸ್ ಹೋದೋರ ಹಡಗುಗಳ ಜೊತೆ ಈಜಿಪ್ಟು, ಯುರೋಪಿಗೂ ಹೋಯ್ತು, ಮುಂದಿನ ವರ್ಷ ದೇಶದೇಶದೋರು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಭೆ ಕೂತಿದ್ದು ಇದೇ ವಿಷಯಕ್ಕೆ.

ಹೆಜ್ಜೆ 6: ಜಮ್‌ಜಮ್ ಮನೆಗೆ ತಂದ ಮೇಲೆ

ಸೂಟ್‌ಕೇಸಲ್ಲಿ ಬಟ್ಟೆ ನಡುವೆ ಜಮ್‌ಜಮ್ ಬಚ್ಚಿಡಬೇಡಿ, ಅಲ್ಲಿ ಏರ್‌ಪೋರ್ಟಲ್ಲೇ ತೆಗೆಸ್ತಾರೆ. ಹಜ್ ಕಮಿಟಿಯೋರಿಗೆ ವಾಪಸ್ ಇಳಿದಾಗ ಐದು ಲೀಟರ್ ಕ್ಯಾನ್ ಕೊಡ್ತಾರೆ. ಅಂಗಡಿಯಲ್ಲಿ, ಆನ್‌ಲೈನಲ್ಲಿ ಜಮ್‌ಜಮ್ ಅಂತ ಮಾರೋದನ್ನ ಮಾತ್ರ ಕೊಳ್ಳಬೇಡಿ, ಸೌದಿಯೋರು ಅದನ್ನ ವ್ಯಾಪಾರಕ್ಕೆ ಹೊರದೇಶಕ್ಕೆ ಬಿಡೋದೇ ಇಲ್ಲ, 2011ರಲ್ಲಿ ಲಂಡನ್ ಅಂಗಡಿಗಳಲ್ಲಿ ಹಾಗೆ ಮಾರ್ತಿದ್ದ ನೀರನ್ನ ಬಿಬಿಸಿಯೋರು ಟೆಸ್ಟ್ ಮಾಡಿಸಿದಾಗ ಆರ್ಸೆನಿಕ್ ಮಿತಿಗಿಂತ ಮೂರು ಪಟ್ಟಿನ ಹತ್ರ ಬಂದಿತ್ತು.

ನೋಡೋಕೆ ಬಂದ ನೂರು ಜನಕ್ಕೆ ಐದು ಲೀಟರ್ ಸಾಲಲ್ಲ ಅಂತ ದೊಡ್ಡ ಕೊಡಪಾನಕ್ಕೆ ಮನೆ ನೀರು ಹಾಕಿ ಜಮ್‌ಜಮ್ ಬೆರೆಸ್ತೀವಲ್ಲ, ಆ ಮನೆ ನೀರು ಕುದಿಸಿ ಆರಿಸಿದ್ದು ಇರಲಿ, ಬೋರ್‌ವೆಲ್ ನೀರು ಹಾಗೇ ಸುರಿಯಬೇಡಿ. ಲೋಟ ಅದ್ದಿ ತೆಗೀಬೇಡಿ, ಬಗ್ಗಿಸಿ ಕೊಡಿ. ಖಾಲಿ ಕ್ಯಾನಿನ ಲೇಬಲ್ ಅವತ್ತೇ ಕಿತ್ತು ಹಾಕಿ. ನಮ್ಮನೇಲಿ ಒಂದು ಕ್ಯಾನಿಗೆ ಫಿನಾಯಿಲ್ ತುಂಬಿಸಿಟ್ಟಿದ್ರು, ಲೇಬಲ್ ಹಾಗೇ ಇತ್ತು, ಬಂದ ನೆಂಟರೊಬ್ರು ಬಿಸ್ಮಿಲ್ಲಾ ಅಂತ ಮುಚ್ಚಳ ತೆಗೆದಿದ್ರು, ವಾಸನೆ ಬಂದಿದ್ದಕ್ಕೆ ಉಳ್ಕೊಂಡ್ರು.